ಕಂಬದ ಬುಡ

ನನ್ನ ಗಂಡ ಊಟಕ್ಕೆ ಮುಂಚೆ ಮಾಡುತ್ತಿದ್ದ ಪ್ರಾರ್ಥನೆ ತೀರಾ ಚಿಕ್ಕದು. "ಇಷ್ಟು ಕೊಟ್ಟೀಯಪ್ಪಾ, ಸಾಕು." ರೊಟ್ಟಿ ಆರುವುದಿಲ್ಲವಲ್ಲ ಎಂದು ನನಗೆ ಅದು ಬಲು ಇಷ್ಟ. ಹಂಪಸಾಗರದಲ್ಲಿ ಹಳೆಯ ಮಣ್ಣಿನ ಮಾಳಿಗೆ ಮನೆ, ಹಗರಿಬೊಮ್ಮನಹಳ್ಳಿಯ ಕಚೇರಿಯಲ್ಲಿ ಅವರಿಗೆ ಜವಾನನ ಕೆಲಸ, ಒಬ್ಬಳು ಮಗಳು, ಭಾನುವಾರ ಚರ್ಚಿನ ಸಭೆ. ನಿಜಕ್ಕೂ ಸಾಕಾಗಿತ್ತು.

ಹೋದ ವರ್ಷ ಪಕ್ಕದ ಮನೆಗೆ ಅಂಜನ ಹಾಕಿ ನಿಧಿ ನೋಡುವವನೊಬ್ಬ ಬಂದಿದ್ದ. ಕರೆಯದಿದ್ದರೂ ನಮ್ಮಲ್ಲೂ ಇಣುಕಿ, ನಡುಮನೆಯ ಕಂಬದ ಬುಡದಲ್ಲಿ ಕೊಡವಿದೆ, ಆದರೆ ಅದು ಒಂದು ಜೀವ ಕೇಳುತ್ತದೆ ಎಂದು ಹೇಳಿ ಹೋದ. ನಾನು ನಕ್ಕುಬಿಟ್ಟೆ. ಇವರು ನಗಲಿಲ್ಲ. ಮರುದಿನದಿಂದ ಪ್ರಾರ್ಥನೆಯಲ್ಲಿ ಆ 'ಸಾಕು' ಬಿಟ್ಟುಹೋಯಿತು. ಮರೆತಿರಬೇಕು ಅಂದುಕೊಂಡೆ, ನನ್ನ ದಡ್ಡತನ.

ಒಂದು ಭಾನುವಾರ ಸಭೆ ಮುಗಿಸಿ ಬಂದವರೇ ಬಾಗಿಲು ಹಾಕಿ, ಬಿಳಿ ಅಂಗಿ ಬಿಚ್ಚಿಟ್ಟು ಹಾರೆ ಹಿಡಿದರು. ಬಲಿಗಿಲಿ ನಮಗೇಕೆ, ಯೇಸುವಿನ ರಕ್ತ ನಮಗಾಗಿ ಸುರಿದಾಗಿದೆ, ಪ್ರಾರ್ಥಿಸಿ ಅಗೆದರೆ ಯಾವ ಭೂತವೂ ಹತ್ತಿರ ಸುಳಿಯುವುದಿಲ್ಲ ಎಂಬುದು ಅವರ ವಾದ. ಸಿಕ್ಕಿದ್ದರಲ್ಲಿ ಸಭೆಗೆ ದಶಾಂಶವನ್ನೂ ಕೊಡುತ್ತಾರಂತೆ! ನನಗೆ ಮೈಯೆಲ್ಲ ಉರಿಯಿತು. ದೇವರನ್ನೇ ತನ್ನ ಆಸೆಯ ಕಾವಲಿಗೆ ನಿಲ್ಲಿಸಿದ ಗಂಡಸಿಗೆ ಏನು ಹೇಳುವುದು?

ಮೂರನೆಯ ಭಾನುವಾರದ ಹೊತ್ತಿಗೆ ತೊಲೆ ಕಿರುಗುಟ್ಟತೊಡಗಿತು. ಉಣ್ಣುವ ತಟ್ಟೆಗೆ ಮಾಳಿಗೆಯ ಮಣ್ಣು ಉದುರುತ್ತಿತ್ತು. ಮಗಳ ಹಾಸಿಗೆಯನ್ನು ಅಡುಗೆಮನೆಗೆ ಎಳೆದುಕೊಂಡೆ. ಮನೆ ಬೀಳುತ್ತದೆ ಎಂದರೆ, ವಿಶ್ವಾಸವಿಲ್ಲದವಳು ಎಂದು ನನಗೇ ಬೈದರು.

ನಾಲ್ಕನೆಯ ಭಾನುವಾರ ಹಾರೆ ಟಣ್ ಎಂದಿತು. ಬಗ್ಗಿ ನೋಡಿದೆ. ಕಂಬ ಕೂತಿದ್ದ ಕಲ್ಲಿನ ಅಡಿಯಲ್ಲಿ ಲೋಹದ ಕೊಡವೊಂದರ ಕಂಠ. ನನ್ನ ಎದೆಯೂ ಹಾರಿತು, ಸುಳ್ಳೇಕೆ ಹೇಳಲಿ. ಆದರೆ ಕೊಡ ತೆಗೆಯಲು ಕಲ್ಲು ಸರಿಸಬೇಕು. ಕಲ್ಲು ಸರಿದರೆ ಮಾಳಿಗೆಯೆಲ್ಲ ಕೆಳಗೆ.

"ಮಗಳನ್ನ ಕರ್ಕೊಂಡು ಹೊರಗ ಹೋಗು," ಎಂದರು. ಮಗಳನ್ನು ಪಕ್ಕದ ಮನೆಗೆ ಕಳಿಸಿ ಬಂದು, ಕಂಬಕ್ಕೆ ಬೆನ್ನು ಕೊಟ್ಟು ಕೂತೆ.

"ಪ್ರಾರ್ಥನಿ ಕಾಯ್ತೈತಿ ಅಂದ್ರಲ್ಲ, ತಗೀರಿ. ನಾನು ಇಲ್ಲೇ ಕುಂದರ್ತೀನಿ."

ತಂದೆಯೇ, ನನಗೆ ನೀನಿದ್ದರೆ ಸಾಕು, ಈ ಮನುಷ್ಯನಿಗೂ ಹಾಗೆ ಅನ್ನಿಸು ಎಂದು ಒಳಗೊಳಗೇ ಬೇಡಿಕೊಂಡೆ. ಭುಜದ ಮೇಲೆ ಮಣ್ಣು ಸುರಿಯಿತು. ಇವರು ತೊಲೆ ನೋಡಿದರು. ನನ್ನನ್ನು ನೋಡಿದರು. ಕೊನೆಗೆ ಹಾರೆ ಬಿಸಾಕಿ ಗುಂಡಿ ಮುಚ್ಚಿದರು.

ಆಮೇಲೆ ಮೊಣಕಾಲೂರಿ ಅತ್ತರು, ಕ್ಷಮಿಸು ಎಂದರು. ಕ್ಷಮಿಸಿದೆ ಅಂದೆ. ಆದರೆ ಹಾರೆ ಬಿಸಾಕುವ ಮುಂಚೆ, ನನ್ನನ್ನು ನೋಡಿದ ಮೇಲೂ, ಅವರು ಇನ್ನೊಮ್ಮೆ ಆ ಕೊಡದ ಕಡೆ ನೋಡಿದ್ದರು.