ದೋಣಿಯ ಗೇರಿಗೆ ಹೊದಿಸಿದ ಕೌದಿ

ನಾನು ಕಲಿತದ್ದು ಎರಡನೇ ಇಯತ್ತೆ. ಅದನ್ನೂ ಪೂರ್ತಿ ಮುಗಿಸಲಿಲ್ಲ. ಆದರೂ ಕೆಟ್ಟು ನಿಂತ ಯಾವ ಯಂತ್ರ ಕಂಡರೂ ಅದರ ಮುಂದೆ ಕುಳಿತು ಬುದ್ಧಿ ಹೇಳುವ ಚಟ ನನಗೆ. ಬೆಟಗೇರಿಯಲ್ಲಿ ನಲವತ್ತು ವರ್ಷ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತವಳು. ಮಗ್ಗ ತಿಳಿದರೆ ಎಲ್ಲ ತಿಳಿದಂತೆ ಎಂದುಕೊಂಡಿದ್ದೆ.

ಮಗಳನ್ನು ಮುಂಡರಗಿ ಕಡೆಯ ನನ್ನ ತವರೂರಿಗೇ, ತಮ್ಮನ ಮಗನಿಗೇ ಕೊಟ್ಟಿದ್ದೇನೆ. ಊರು ಹೊಳೆದಂಡೆಯಲ್ಲಿದೆ. ಮಂದಿಯನ್ನು ಆಚೆ ದಡಕ್ಕೆ ದಾಟಿಸುವ ಮೋಟಾರು ದೋಣಿ ನಡೆಸುವುದು ಅವನ ಕೆಲಸ. ಅಳಿಯನಾದ ಮೇಲೆ ‘ರಿ’ ಹಚ್ಚಿ ಮಾತನಾಡಿಸಬೇಕಂತೆ. ಅವನನ್ನು ತೊಟ್ಟಿಲಿಗೆ ಹಾಕಿ, ಬೆನ್ನಿಗೆ ಗುದ್ದು ತಿಂದು ಹೆಸರಿಟ್ಟ ಸೋದರತ್ತೆ ನಾನು. ನನ್ನ ಬಾಯಲ್ಲಿ ಅವನು ಇವತ್ತಿಗೂ ‘ಲೇ’.

ಹೋದ ಮಹಾನವಮಿಯ ಮುಂದೆ ಅವರ ಮನೆಯಲ್ಲಿದ್ದೆ. ಆ ಹಬ್ಬಕ್ಕೆ ಮನೆಯ ಹಾಸಿಗೆ ಹೊದಿಕೆ ಎಲ್ಲ ಒಗೆಯಲೇಬೇಕು. ನಾಲ್ಕು ಕೌದಿಗಳನ್ನು ಹೊಳೆಗೆ ಒಯ್ದು ಬಡಿದು ಒಗೆದೆ. ಹಳೇ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿ ನೀರು ಕುಡಿದರೆ ಎಮ್ಮೆಕರುವಿನಷ್ಟು ಭಾರ. ಬಂಡೆಗಳ ಮೇಲೆಲ್ಲ ಆಗಲೇ ಊರಿನವರ ಕೌದಿ ಹರವಿದ್ದವು. ದಂಡೆಗೆ ಕಟ್ಟಿದ ದೋಣಿ ಮಾತ್ರ ಖಾಲಿ. ಅದರಲ್ಲಿ, ಕೂರುವ ಜಾಗದ ಹತ್ತಿರದ ಗೇರಿನ ಹಿಡಿಕೆಯಿಂದ ಹಿಂದಿನ ಮೋಟಾರಿನವರೆಗೆ ಬೆರಳಿನ ದಪ್ಪದ ಎರಡು ಕರಿ ಕೇಬಲ್ಲುಗಳು, ಗೇರಿಗೊಂದು ವೇಗಕ್ಕೊಂದು, ಕಮಾನಿನಂತೆ ಬಾಗಿ ಹೋಗಿದ್ದವು. ದೇವರೇ ಕಟ್ಟಿಕೊಟ್ಟ ಹಗ್ಗ ಎಂದುಕೊಂಡು ನಾಲ್ಕನ್ನೂ ಹೇರಿದೆ. ಸಂಜೆ ತೆಗೆದುಕೊಂಡು ಹೋದೆ. ಯಾರಿಗೂ ಗೊತ್ತಾಗಲಿಲ್ಲ.

ಮರುದಿನ ಮಧ್ಯಾಹ್ನ ದೋಣಿ ನೋಡಲು ಸಾಹೇಬರು ಬರುವವರಿದ್ದರು. ದೋಣಿಯೂ ಸರಿ, ನಡೆಸುವವನೂ ಸರಿ ಎಂದು ಅವರು ಬರೆದುಕೊಟ್ಟರೆ ಅಳಿಯನ ಪರವಾನಗಿ ಮುಂದುವರಿಯುತ್ತದೆ. ಇಲ್ಲವಾದರೆ ದೋಣಿ ಬೇರೆಯವರ ಕೈಗೆ. ಬೆಳಿಗ್ಗೆ ನಾನೂ ಮಗಳೂ ಅವನ ಹಿಂದೆಯೇ ದೋಣಿ ಹತ್ತಿದೆವು. ಅವನು ರೂಢಿಯಂತೆ ಹಿಡಿಕೆಯನ್ನು ಒಮ್ಮೆ ಮುಂದೆ ಹಿಂದೆ ಆಡಿಸಿ ನಡುವೆ ತಂದು ಚಾವಿ ತಿರುವಿದ. ಮೋಟಾರು ಕಿಂವ್ ಅನ್ನಲಿಲ್ಲ.

“ಬ್ಯಾಟರಿ ಹೋಗೇತೇನೋ,” ಅಂದ.

“ಲೈಟ್ ಹತ್ತೇತಲ್ಲಲೇ, ಕಣ್ಣಿಲ್ಲೇನು?”

“ಅತ್ತೀ, ನೀವು ಸುಮ್ಮ ಕುಂಡ್ರಿ. ಮೇಸ್ತ್ರಿಗೆ ಫೋನ್ ಹಚ್ಚತೀನಿ.”

ಮೇಸ್ತ್ರಿ ಡಂಬಳದಲ್ಲಿ ಯಾರದೋ ಟ್ರ್ಯಾಕ್ಟರ್ ಬಿಚ್ಚಿಕೊಂಡು ಕುಳಿತಿದ್ದನಂತೆ. ಸಂಜೆಗೆ ಬರುತ್ತೇನೆ ಅಂದ. ಆದರೆ ಒಂದು ಮಾತು ಹೇಳಿದ: ಗೇರಿನಲ್ಲಿ ಸಿಕ್ಕಿಕೊಂಡಿದ್ದರೆ ಆ ಮೋಟಾರು ಚಾಲೂ ಆಗುವುದೇ ಇಲ್ಲ. ಹಿಡಿಕೆ ನಡುವೆ ನಿಂತಿದೆ ನಿಜ, ಹಿಂದೆ ಮೋಟಾರಿನ ಹತ್ತಿರ ನೋಡು. ನೋಡಿದರೆ ಹೌದು, ಮುಂದೆ ಹಿಡಿಕೆ ನಡುವೆ ಇದ್ದರೂ ಹಿಂದೆ ಮೋಟಾರು ಗೇರಿನಲ್ಲೇ ಸಿಕ್ಕಿತ್ತು. ಅಳಿಯ ಸಿಟ್ಟಿಗೆದ್ದು ಹಿಡಿಕೆ ಜಗ್ಗಲು ಹೋದ.

“ಜಗ್ಗಬ್ಯಾಡಲೇ! ಲಾಳಿ ಸಿಕ್ಕಾಗ ಜಗ್ಗಿದ್ರ ಎಳಿ ಹರೀತಾವ. ಎಲ್ಲಿ ಸಿಕ್ಕೈತಿ ಮೊದಲ ನೋಡು. ಒಂದ್ ತುದಿ ಬಿಚ್ಚು.”

ಗೇರಿನ ಕೇಬಲ್ಲಿನ ತುದಿಯನ್ನು ಮೋಟಾರಿನ ಕಡೆ ಬಿಚ್ಚಿದ. ಗೇರನ್ನು ಕೈಯಿಂದ ನೂಕಿದರೆ ಬೆಣ್ಣೆಯಂತೆ ಸರಿಯಿತು. ಮೋಟಾರು ನಿರಪರಾಧಿ. ಹಿಡಿಕೆಯ ಕಡೆ ಬಿಚ್ಚಿದ. ಹಿಡಿಕೆಯೂ ಸಲೀಸು.

“ಆತು, ಕಳ್ಳ ನಡುವ ಅದಾನ,” ಅಂದೆ. ಎದೆ ಉಬ್ಬಿತ್ತು. ಇಂಥ ಬುದ್ಧಿ ಇಟ್ಟುಕೊಂಡು ನಾನು ಮಗ್ಗದ ಕುಣಿಯಲ್ಲಿ ಹಾಳಾದೆನಲ್ಲ ಎನಿಸಿತು. ಆ ಉಮೇದಿನಲ್ಲಿ ಕೇಬಲ್ಲಿನ ಮೇಲೆ ನಾನೇ ಕೈ ಆಡಿಸುತ್ತ ಹೋದೆ. ಬಾಗಿದಲ್ಲಿ ಕೈ ನಿಂತಿತು. ಕರಿ ಸಿಪ್ಪೆ ಒಡೆದು ಮಡಚಿಕೊಂಡಿತ್ತು. ಮಡಿಕೆಯಲ್ಲಿ ಒಂದು ಕೆಂಪು ದಾರದ ಎಳೆ ಸಿಕ್ಕಿತ್ತು. ಆ ಮನೆಯಲ್ಲಿ ಕೌದಿಗೆ ಕೆಂಪು ದಾರ ಹಾಕುವವಳು ನಾನೊಬ್ಬಳೇ.

ಎಳೆಯನ್ನು ಮೆಲ್ಲಗೆ ಕಿತ್ತು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ.

“ಇಲಿ ಕಡದಿರಬೇಕು,” ಅಂದೆ.

“ಹೊಳ್ಯಾಗ ಎಲ್ಲಿ ಇಲಿ, ಅತ್ತೀ?”

“ಈಸ್ಕೊಂತ ಬಂದಿರಬೇಕು.”

ಮಗಳು ನನ್ನ ಮುಖ ನೋಡಿದಳು. ನಾನು ಹೊಳೆ ನೋಡಿದೆ.

ಪುಣ್ಯಕ್ಕೆ, ತುಸು ಉದ್ದವಾಯಿತೆಂದು ಬಿಚ್ಚಿಟ್ಟ ಹಳೇ ಕೇಬಲ್ಲೊಂದು ಮನೆಯ ಅಟ್ಟದಲ್ಲಿತ್ತು. ಅದನ್ನೇ ಹಾಕಿ, ಹಿಡಿಕೆ ನಡುವೆ ನಿಂತಾಗ ಮೋಟಾರೂ ನಡುವೆ ನಿಲ್ಲುವ ಹಾಗೆ ತುದಿಯ ನಟ್ಟನ್ನು ತಿರುವಿ ತಿರುವಿ ಕೂಡಿಸಿದ. ಚಾವಿ ತಿರುವಿದರೆ ಮೋಟಾರು ಚಾಲೂ ಆಯಿತು.

ಸಾಹೇಬರು ಬಂದು, ಮುಂದೆ ಹಿಂದೆ ಓಡಿಸಿ, ವೇಗ ಏರಿಸಿ ಇಳಿಸಿ ನೋಡಿ ತಲೆಯಾಡಿಸಿದರು. ಆಮೇಲೆ ಕಾಲಡಿ ಬಿದ್ದಿದ್ದ ಮುರುಕು ಕೇಬಲ್ಲು ಕಂಡಿತು.

“ಇದ್ಯಾಕ ಮುರದೈತಿ?”

“ಇಲಿ ಕಡದೈತ್ರಿ ಸಾಹೇಬ್ರ,” ಅಂದ ನನ್ನ ಅಳಿಯ, ಮಗುವಿನ ಹಾಗೆ.

“ಇಲಿ? ನನಗ ಕತಿ ಹೇಳಬ್ಯಾಡ. ಹಿಡಿಕಿ ಬಡದ್ ಬಡದ್ ನಡಸಾಂವ ಇದೀ ನೀ. ಮಂದೀನ ಕುಂಡ್ರಿಸ್ಕೊಂಡು ಹೋಗೂ ಕೈ ಅಲ್ಲ ಇದು.” ಪೆನ್ನಿನ ಮುಚ್ಚಳ ಹಾಕಿದರು.

ಇನ್ನೂ ಸುಮ್ಮನಿದ್ದರೆ ನಾನು ತೊಟ್ಟಿಲಿಗೆ ಹಾಕಿದವನ ಅನ್ನವನ್ನು ನಾನೇ ಕಸಿದಂತೆ.

“ಆ ಇಲಿ ನಾನ ರೀ,” ಅಂದೆ. ಸೆರಗಿನ ಗಂಟು ಬಿಚ್ಚಿ ಎಳೆ ತೋರಿಸಿದೆ. “ನಾಕು ಹಸೀ ಕೌದಿ ಹಾಕಿದ್ನಿ ಇದರ ಮ್ಯಾಲೆ. ಇಂವಾ ಬಡ್ಯಾಂವ ಅಲ್ರಿ. ಬಡ್ಯಾಂವ ಆಗಿದ್ರ ಮೊದಲ ನನ್ನ ಬಡೀತಿದ್ದ.”

“ಕೌದಿ?”

“ಹೂಂರಿ. ಮಾನೌಮಿ ಅಲ್ರೀ?”

ಅವರ ಮನೆಯಲ್ಲಿಯೂ ಅದೇ ಒಗೆತ ನಡೆದಿತ್ತೋ ಏನೋ, ನನ್ನನ್ನು ಮೇಲಿಂದ ಕೆಳಗೆ ನೋಡಿ ಪೆನ್ನು ಮತ್ತೆ ಬಿಚ್ಚಿದರು. ಪರವಾನಗಿ ಬರೆದುಕೊಟ್ಟರು, ಕೆಳಗೆ ಒಂದು ಸಾಲು ಹೆಚ್ಚಿಗೆ.

ಆ ಕಾಗದ ಈಗ ದೋಣಿಯಲ್ಲಿ ಹಿಡಿಕೆಯ ಪಕ್ಕದಲ್ಲೇ ತೂಗುತ್ತದೆ. ಕೂಡಿಸಿ ಕೂಡಿಸಿ ಆ ಸಾಲು ಓದಲು ನನಗೆ ಎರಡು ಸಲ ಹೊಳೆ ದಾಟಬೇಕಾಯಿತು: ‘ದೋಣಿಯ ಮೇಲೆ ಕೌದಿ ಒಣಹಾಕತಕ್ಕದ್ದಲ್ಲ.’ ದಾಟುವ ಮಂದಿ ಓದಿ ನಗುತ್ತಾರೆ, ಕೌದಿ ಹಾಕಿದ ಜಾಣರು ಯಾರೆಂದು ಕೇಳುತ್ತಾರೆ. ಅಳಿಯ ನನ್ನ ಕಡೆ ನೋಡುವುದೂ ಇಲ್ಲ.

“ಒಂದು ಇಲಿ ಇತ್ರಿ,” ಅನ್ನುತ್ತಾನೆ.