ಖಾಲಿ ಕವರಿಗೆ ಕೊಟ್ಟ ಸೊನ್ನೆ

ತೊಂಬತ್ತರ ದಶಕದಲ್ಲಿ ಹೊಳೆನರಸೀಪುರದ ಒಂದು ಶಾಲೆಯಲ್ಲಿ ಮೇಷ್ಟ್ರುಗಳಿಗೆ ಮೂರು ದಿನದ ಪರಿಸರ ಶಿಕ್ಷಣದ ಟ್ರೈನಿಂಗ್ ಇತ್ತು. ಹಾಸನದಿಂದ ನಾನು ಹೆಲ್ಪರ್ ಆಗಿ ಹೋಗಿದ್ದೆ. ಕಾನ್ವೆಂಟಿನಲ್ಲಿ ಓದಿದವಳು, ಇಂಗ್ಲಿಷ್ ಮಾಡ್ಯೂಲನ್ನು ಕನ್ನಡ ಮಾಡಿ ಹೇಳಬಲ್ಲೆ ಎಂಬುದೊಂದೇ ನನ್ನ ಕ್ವಾಲಿಫಿಕೇಶನ್. ಅಂಕ ಹಾಕಿ ಸರ್ಟಿಫಿಕೇಟ್ ಕೊಡುವುದೂ ನನ್ನ ಪಾಲಿಗೇ ಬಂದಿತ್ತು.

ಮೊದಲ ದಿನದ ಹೋಂವರ್ಕ್ ಸುಲಭದ್ದು: ಮನೆಯ ಒಂದು ದಿನದ ಕಸವನ್ನು ಕವರಿನಲ್ಲಿ ತನ್ನಿ. ತರದವರಿಗೆ ಸೊನ್ನೆ. ಸೊನ್ನೆ ಬಂದವರಿಗೆ ಸರ್ಟಿಫಿಕೇಟ್ ಇಲ್ಲ, ಮೂರು ದಿನವೂ ಅವರ ರಜದ ಲೆಕ್ಕಕ್ಕೆ ಹೋಗುತ್ತಿತ್ತು.

ಮರುದಿನ ಪೇಟೆಯವರೆಲ್ಲ ತುಂಬಿದ ಕವರು ತಂದರು. ಚನ್ನರಾಯಪಟ್ಟಣದ ಕಡೆಯ ಹಳ್ಳಿಯ ಒಬ್ಬ ಟೀಚರ್ ಮಾತ್ರ ಖಾಲಿ ಕವರನ್ನು ಅಚ್ಚುಕಟ್ಟಾಗಿ ಮಡಿಸಿ ಮೇಜಿನ ಮೇಲಿಟ್ಟರು.

"ಇದ್ರೆ ತಾನೇ ಮೇಡಂ ತರೋದು? ಸಿಪ್ಪೆ ಎಮ್ಮೆ ತಿಂತು. ಬೂದೀಲಿ ಪಾತ್ರೆ ತಿಕ್ಕುದ್ವಿ. ಗುಡ್ಸಿದ್ದು ತಿಪ್ಪೆಗೋಯ್ತು."

"ತಿಪ್ಪೇನೇ ಒತ್ಕೊಂಡ್ ಬರ್ಬೇಕಿತ್ತು ಕಣಮ್ಮ!" ಎಂದರು ಅರಕಲಗೂಡಿನ ಮೇಷ್ಟ್ರೊಬ್ಬರು. ಕ್ಲಾಸಿಗೆ ಕ್ಲಾಸೇ ನಕ್ಕಿತು.

ನನಗೆ ನಗು ಬರಲಿಲ್ಲ. ಮಾಡ್ಯೂಲಿನಲ್ಲಿ ಪ್ಲಾಸ್ಟಿಕ್, ಕಾಗದ, ಗಾಜು ಎಂದೆಲ್ಲ ಕಾಲಂಗಳಿದ್ದವು. ಕಸವೇ ಇಲ್ಲದವರಿಗೆ ಕಾಲಂ ಇರಲಿಲ್ಲ. ಏನೂ ತೋಚದೆ ಸೊನ್ನೆ ಬರೆದೆ.

"ಮಗಳ ಬಾಣಂತನಕ್ಕೆ ಅಂತ ರಜ ಉಳಿಸ್ಕಂಡಿದೀನಿ ಮೇಡಂ," ಎಂದರು ಆಕೆ ಮೆತ್ತಗೆ.

"ನಾಳೆ ತನ್ನಿ, ಕನ್ಸಿಡರ್ ಮಾಡ್ತೀನಿ," ಎಂದೆ. ಏನು ಔದಾರ್ಯ ನನ್ನದು!

ಮೂರನೇ ದಿನ ಆಕೆಯ ಕವರು ಉಬ್ಬಿಕೊಂಡಿತ್ತು. ಶಾಂಪೂ ಪಾಕೀಟು, ಒಡೆದ ಪ್ಲಾಸ್ಟಿಕ್ ಮಗ್ಗು, ಗುಟ್ಕಾ ಚೀಟಿಗಳು. ವೆರಿ ಗುಡ್ ಎಂದು ಹತ್ತಕ್ಕೆ ಹತ್ತು ಕೊಟ್ಟು ಸರ್ಟಿಫಿಕೇಟ್ ಕೈಗಿತ್ತೆ. ಆಮೇಲೆ ಅನುಮಾನ ಬಂತು.

"ಗುಟ್ಕಾ ಯಾರು ಹಾಕ್ಕೊಳ್ತಾರೆ ನಿಮ್ಮನೇಲಿ?"

"ಅಯ್ಯೋ, ಯಾರೂ ಇಲ್ಲ. ಇಲ್ಲೇ ಬಸ್‌ಸ್ಟ್ಯಾಂಡಲ್ಲಿ ಆಯ್ಕೊಂಡೆ. ಕಂಡಕ್ಟ್ರು, 'ಏನ್ ಕಳ್ಕೊಂಡ್ರಿ ಟೀಚ್ರೇ, ನಾನೂ ಉಡುಕ್ಲಾ?' ಅಂತಾನೆ."

ನನ್ನ ತಲೆ ಕೆಟ್ಟುಹೋಯಿತು. ಇದು ಚೀಟಿಂಗೋ, ಸೋಶಿಯಲ್ ಸರ್ವೀಸೋ? ಹತ್ತು ಅಂಕ ನಿನ್ನೆಯ ಖಾಲಿ ಕವರಿಗೇ ಸಲ್ಲಬೇಕಿತ್ತಲ್ಲವೇ? ಹಾಗಾದರೆ ಇವತ್ತಿನದಕ್ಕೆ ಎಷ್ಟು? ಸರ್ಟಿಫಿಕೇಟ್ ವಾಪಸ್ ಕೇಳಿದರೆ ಆಕೆಯ ಮಗಳ ಬಾಣಂತನದ ಗತಿ? ಕೇಳಲಿಲ್ಲ. ಸರಿ ಮಾಡಿದೆನೋ ಇಲ್ಲವೋ, ಇವತ್ತಿಗೂ ಐ ಡೋಂಟ್ ನೋ.

ಆಕೆ ಸರ್ಟಿಫಿಕೇಟನ್ನು ವ್ಯಾನಿಟಿ ಬ್ಯಾಗಿಗೆ ಸೇರಿಸಿ, ಕವರು ಎತ್ತಿಕೊಂಡು ಕೇಳಿದರು: "ಮೇಡಂ, ಇದನ್ನೆಲ್ಲಿಗೆ ಆಕ್ಲಿ? ಎಮ್ಮೆ ತಿನ್ನಲ್ಲ, ತಿಪ್ಪೆಗಾಕುದ್ರೆ ಕೊಳೆಯಲ್ಲ."

ಮಾಡ್ಯೂಲಿನ ಪುಟ ತಿರುವಿದೆ. ಕಸ ತರಿಸುವವರೆಗೆ ಮಾತ್ರ ಬರೆದಿದ್ದರು. "ಕೊಡಿ ಇಲ್ಲಿ," ಎಂದು ಇಸಕೊಂಡೆ. ಹಾಸನದ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದೆ.