ಪದ್ಮಯ್ಯ ಮಾವನ ಅರ್ಧ ಮತ

ಮೊನ್ನೆ ಅಟ್ಟದ ಡಬ್ಬಿಗೆ ಕೈ ಚಾಚಿದಾಗ ನನ್ನ ಭುಜ ಹಿಡಿದುಕೊಂಡಿತು. ಹೆಂಡತಿ ತೈಲ ತಿಕ್ಕಿದಳು. ಆ ಘಾಟಿಗೆ ನೆನಪಾದವರು ನನ್ನ ಸೋದರಮಾವ ಪದ್ಮಯ್ಯ. ಎಂಬತ್ತರ ದಶಕದಲ್ಲಿ ಗುತ್ತಿಗಾರಿನ ಹತ್ತಿರದ ಊರೊಂದರ ಹಾಲಿನ ಸೊಸೈಟಿಗೆ ನಿರ್ದೇಶಕರಾಗಿದ್ದವರು. ಯಾವ ಸಭೆಯಲ್ಲಾದರೂ ಮೊದಲು ಏಳುವ ಕೈ ಅವರದ್ದೇ. ವಿಷಯ ಏನೆಂದು ಆಮೇಲೆ ಕೇಳುತ್ತಿದ್ದರು.

ಒಂದು ಮಳೆಗಾಲ ಅವರಿಗೆ ಜ್ವರ ಬಂತು. ಜ್ವರ ಬಿಟ್ಟದ್ದೇ ಬಲಭುಜದಲ್ಲಿ ನಿದ್ದೆಗೆಡಿಸುವ ನೋವು. ನೋವು ಇಳಿಯುವಾಗ ತೋಳಿನ ಬಲವನ್ನೂ ಕೊಂಡುಹೋಯಿತು. ಸುಳ್ಯದ ಪಂಡಿತರೊಬ್ಬರು ವಾತ ಎಂದು ತೈಲ ಕೊಟ್ಟರು. ಇನ್ನೊಬ್ಬ ಡಾಕ್ಟರು ಕುತ್ತಿಗೆಯ ಎಕ್ಸ್‌ರೇ ತೆಗೆಸಿ, ಕುತ್ತಿಗೆ ಬಹಳ ಚೆನ್ನಾಗಿದೆ ಎಂದು ಅಭಿನಂದಿಸಿದರು. ಅಂಗಿ ಬಿಚ್ಚಿ ಎನ್ನಲು ಮಾತ್ರ ಯಾರಿಗೂ ಧೈರ್ಯ ಬರಲಿಲ್ಲ. ಮಾವನ ಅಂಗಿಯ ಇಸ್ತ್ರಿ ಹಾಗಿರುತ್ತಿತ್ತು.

ಅಷ್ಟರಲ್ಲಿ ಸೊಸೈಟಿಯ ಅಧ್ಯಕ್ಷರ ಚುನಾವಣೆ. ನಿಂತವರು ಮಾವನ ಬಾಲ್ಯಸ್ನೇಹಿತ ಕುಶಾಲಪ್ಪ. ಕೈ ಎತ್ತಿ ಮತ ಹಾಕುವುದು. ಮಾವನ ಕೈ ಭುಜದವರೆಗೆ ಬಂದು ಅಲ್ಲೇ ನಿಂತಿತು.

"ಇದೆಂತ ಪದ್ಮಯ್ಯಣ್ಣ, ಮತವಾ, ಬಸ್ಸಿಗೆ ಕೈ ತೋರಿಸುದಾ?" ಎನ್ನುತ್ತಾ ಚುನಾವಣೆ ನಡೆಸುವವರು 'ತಟಸ್ಥ' ಎಂದು ಬರೆದುಕೊಂಡರು. ಕುಶಾಲಪ್ಪ ಒಂದೇ ಮತದಿಂದ ಸೋತರು. ಮಾವ ಎದುರು ಕಡೆಯವರಿಗೆ ಮತ ಮಾರಿಕೊಂಡಿದ್ದಾರೆಂದು ಊರು ತೀರ್ಮಾನಿಸಿತು. ಕುಶಾಲಪ್ಪ ಮಾತು ಬಿಟ್ಟರು. ಮಾವ ಊಟ ಅರ್ಧ ಮಾಡಿದರು.

ಕೊನೆಗೆ ಪುತ್ತೂರಿಗೆ ಹೊಸದಾಗಿ ಬಂದ ಡಾಕ್ಟರರ ಬಳಿಗೆ ನಾನೇ ಕರೆದುಕೊಂಡು ಹೋದೆ. ಮಾವ ಯಾರೆಂದು ಅವರಿಗೆ ಗೊತ್ತಿರಲಿಲ್ಲ, ಅದೇ ಒಳ್ಳೆಯದಾಯಿತು.

"ಅಂಗಿ ಬಿಚ್ಚಿ. ಎರಡೂ ಕೈಯಲ್ಲಿ ಗೋಡೆಯನ್ನು ದೂಡಿ."

ಮಾವ ದೂಡಿದರು. ಬಲಗಡೆಯ ಹೆಗಲ ಹಲಗೆ ಬೆನ್ನಿನಿಂದ ಎದ್ದು ಕೋಳಿಯ ರೆಕ್ಕೆಯಂತೆ ಹೊರಗೆ ನಿಂತಿತು. ಅದನ್ನು ಪಕ್ಕೆಲುಬಿಗೆ ಒತ್ತಿ ಹಿಡಿಯುವ ಸ್ನಾಯುವಿನ ನರ ಸೋತಿದೆ, ಭಾರ ಎತ್ತಬೇಡಿ, ವ್ಯಾಯಾಮ ಮಾಡಿ, ನಿಧಾನಕ್ಕೆ ಸರಿಯಾದೀತು ಎಂದರು ಡಾಕ್ಟರು.

ಮಾವ ಮನೆಗೆ ಬರಲಿಲ್ಲ; ನೇರ ಕುಶಾಲಪ್ಪನ ಜಗಲಿಗೆ ಹೋಗಿ, ಅಂಗಿ ಬಿಚ್ಚಿ, ಅವರ ಗೋಡೆಯನ್ನು ದೂಡಿ ನಿಂತರು.

"ನೋಡು ಮಾರಾಯ! ನಾನು ಮೋಸ ಮಾಡಿದ್ದಲ್ಲ, ಇದು ಮಾಡಿದ್ದು!"

ಕುಶಾಲಪ್ಪ ಬಹಳ ಹೊತ್ತು ಆ ರೆಕ್ಕೆಯನ್ನು ನೋಡಿದರು. ಮುಟ್ಟಿಯೂ ನೋಡಿದರು. ಕಣ್ಣು ತೇವವಾಯಿತು.

"ಅದು ಸರಿ ಪದ್ಮಯ್ಯ. ಎಡಗೈ ಎತ್ತಬಹುದಿತ್ತಲ್ಲ?"

ಮಾವ ಗೋಡೆ ಬಿಡಲಿಲ್ಲ. "ಹೊಳೆಯಲಿಲ್ಲ ಮಾರಾಯ," ಎಂದರು. ಇಬ್ಬರೂ ಬಿದ್ದು ಬಿದ್ದು ನಕ್ಕರು. ಮರುವರ್ಷ ಕೈ ತಲೆಯ ಮೇಲಕ್ಕೆ ಹೋಯಿತು.

ಇಷ್ಟನ್ನೂ ಹೆಂಡತಿಗೆ ಹೇಳಿ, ನಾನೂ ಅಂಗಿ ಬಿಚ್ಚಿ ಗೋಡೆಗೆ ಕೈ ಕೊಟ್ಟೆ.

"ರೆಕ್ಕೆ ಬಂತಾ?"

"ರೆಕ್ಕೆಯಾ? ನಿಮ್ಮ ಬೆನ್ನಲ್ಲಿ ಎಲುಬು ಎಲ್ಲಿ ಉಂಟು ಅಂತಲೇ ಗೊತ್ತಾಗುದಿಲ್ಲ," ಎಂದಳು.